ಡೋರೀನ್ ಯಾಕೆ ಸೊರಗಿದಳು

ದಿಂಬಿನ ಕವರನ್ನು ಕೈಗೆ ತೆಗೆದುಕೊಂಡ ಕೂಡಲೇ ಲೋರ್ನಾಗೆ ಗೊತ್ತಾಯಿತು. ಒಳಗಿದ್ದ ಹಾವು ಹೋದ ಸಲಕ್ಕಿಂತ ಹಗುರವಾಗಿತ್ತು.

"ಮತ್ತೆ ಇಳಿದಿದ್ದಾಳೆ," ಎಂದಳು.

"ಇರ್ಲಿಕ್ಕಿಲ್ಲ," ಎಂದ ಕ್ರೇಗ್, ತನ್ನ ಶೂಗಳನ್ನೇ ನೋಡುತ್ತ.

ಹೆದ್ದಾರಿ ಪಕ್ಕದಲ್ಲಿ ಪ್ರಯಾಣಿಕರು ಕಾಫಿ-ತಿಂಡಿಗೆ ನಿಲ್ಲುವ ಸರ್ವೀಸ್ ಸ್ಟೇಷನ್ನಿನ ಕಾರ್ ಪಾರ್ಕು, ಜಿನುಗು ಮಳೆ. ಊರ ಜನವೆಲ್ಲ ಕಾಫಿ ಲೋಟ ಹಿಡಿದು ಓಡಾಡುತ್ತಿದ್ದರೆ ಇವರಿಬ್ಬರು ಹೆಬ್ಬಾವು ಹಿಡಿದು ಜಗಳಕ್ಕೆ ನಿಂತಿದ್ದರು. ಡೋರೀನ್ ಅಂಥ ದೊಡ್ಡ ಹೆಬ್ಬಾವೇನಲ್ಲ. ರಾಯಲ್ ಪೈಥಾನ್, ಹೆದರಿದರೆ ಉಂಡೆಯಾಗಿ ತಲೆ ಬಚ್ಚಿಟ್ಟುಕೊಳ್ಳುವ ಪಾಪದ ಪ್ರಾಣಿ. ಇಬ್ಬರೂ ಒಟ್ಟಿಗಿದ್ದಾಗ ತಂದದ್ದು. ಬೇರೆಯಾದಾಗ ಸೋಫಾ ಅವಳಿಗೆ, ಟೀವಿ ಅವನಿಗೆ ಎಂದು ಟೀ ಆರುವುದರೊಳಗೆ ತೀರ್ಮಾನವಾಗಿತ್ತು. ಡೋರೀನ್ ಮಾತ್ರ ತೀರ್ಮಾನವಾಗಲಿಲ್ಲ. ಹಾಗಾಗಿ ಹದಿನೈದು ದಿನ ರಾದರ್‌ಹ್ಯಾಮಿನ ಲೋರ್ನಾಳ ಮನೆ, ಹದಿನೈದು ದಿನ ಚೆಸ್ಟರ್‌ಫೀಲ್ಡಿನ ಕ್ರೇಗನ ಮನೆ. ಒಂದು ಬಿಟ್ಟು ಒಂದು ಶನಿವಾರ ಇಲ್ಲಿ ಹಸ್ತಾಂತರ.

ಆ ಶನಿವಾರಗಳು ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡಲು ಬೇರೆ ನೆಪವಿರಲಿಲ್ಲ. ಡೋರೀನ್ ಹೋದರೆ ಅದೂ ಹೋಯಿತು. ಲೋರ್ನಾ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟವಳಲ್ಲ.

"ಅವಳ ಗೂಡಿನ ಬಿಸಿ ಎಷ್ಟಿಟ್ಟಿದೀಯ?"

"ನೀನಿಟ್ಟಷ್ಟೇ."

"ಥರ್ಮೋಸ್ಟಾಟ್ ವೈರು ಜರುಗಿದೆಯೋ ಏನೋ."

"ಟೇಪ್ ಹಾಕಿ ಅಂಟಿಸಿದೀನಿ."

"ಮೈಮೇಲೆ ಹೇನು?"

"ಬಿಳೀ ಟಿಶ್ಯೂನಲ್ಲಿ ಒರೆಸಿ ನೋಡ್ದೆ. ಒಂದು ಚುಕ್ಕೇನೂ ಇಲ್ಲ."

"ಉಸಿರಾಡುವಾಗ ಗೊರಗೊರ ಅನ್ನುತ್ತಾ?"

"ಅದು ನಿನ್ನ ಅಭ್ಯಾಸ. ಅವಳಿಗಿಲ್ಲ."

ನಗು ಬಂತು. ಲೋರ್ನಾ ಅದನ್ನು ಹಲ್ಲು ಕಚ್ಚಿ ನುಂಗಿದಳು. ಅವನ ಒದ್ದೆ ಕೂದಲು ಹಣೆಗೆ ಅಂಟಿಕೊಂಡಿತ್ತು. ಪಕ್ಕಕ್ಕೆ ಸರಿಸಬೇಕೆಂದು ಕೈ ತುರಿಸಿತು. ಆ ಕೈಯನ್ನು ಕೋಟಿನ ಜೇಬಿಗೆ ತುರುಕಿ ದನಿ ಏರಿಸಿದಳು.

"ನನ್ನ ಮನೇಲಿ ಗಬಗಬ ತಿಂತಾಳೆ. ನಿನ್ನ ಮನೆಗೆ ಬಂದ್ರೆ ಸೊರಗ್ತಾಳೆ. ಏನು ಮಾಡ್ತೀಯ ಅವಳಿಗೆ, ಕೂರಿಸ್ಕೊಂಡು ಫುಟ್‌ಬಾಲ್ ತೋರಿಸ್ತೀಯಾ?"

ಕ್ರೇಗ್ ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ.

ಅವಳ ಪಿತ್ತ ನೆತ್ತಿಗೇರುತ್ತಿದ್ದುದೇ ಇಲ್ಲಿ. ಬೈದರೆ ತಿರುಗಿ ಬೈಯದ ಗಂಡಸಿನ ಜೊತೆ ಜಗಳವಾದರೂ ಹೇಗೆ ಆಡುವುದು? ಬೇರೆಯಾಗೋಣವಾ ಎಂದು ಅವಳು ಕೇಳಿದಾಗಲೂ ಹೀಗೇ ಬಾಯಿ ತೆರೆದು ಮುಚ್ಚಿ, ಕೊನೆಗೆ "ನಿನ್ನಿಷ್ಟ" ಎಂದಿದ್ದ. ಬೇಡ ಎನ್ನಲಿ ಎಂದೇ ಅವಳು ಕೇಳಿದ್ದು.

"ಈಗ್ಲೇ ಡಾಕ್ಟರ ಹತ್ರ ಹೋಗೋಣ. ನೀನೂ ಬರಬೇಕು," ಎಂದು ಕಾರು ಹತ್ತಿದಳು. ಅವನು ತನ್ನ ಕಾರಿನಲ್ಲಿ ಹಿಂಬಾಲಿಸಿದ.

ಶೆಫೀಲ್ಡಿನ ಡಾಕ್ಟರ್ ಓಗ್ಡನ್‌ಗೆ ಆಮೆ, ಓತಿ, ಹಾವುಗಳ ಮೇಲಿದ್ದಷ್ಟು ತಾಳ್ಮೆ ಅವುಗಳನ್ನು ಸಾಕುವವರ ಮೇಲೆ ಇರಲಿಲ್ಲ. ಡೋರೀನ್‌ಳ ಬಾಯಿ ಬಿಡಿಸಿ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಎರಡು ಮನೆಗಳ ಓಡಾಟದ ಕಥೆ ಕೇಳುತ್ತಲೇ ಬೆನ್ನುಮೂಳೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಬಾಯಿ ಚೆನ್ನಾಗಿದೆ, ಶ್ವಾಸಕೋಶ ಚೆನ್ನಾಗಿದೆ. ಆದ್ರೆ ಹಿಂಗೇ ಇಳೀತಾ ಹೋದ್ರೆ ಬಹಳ ದಿನ ಉಳಿಯಲ್ಲ. ಚೆಸ್ಟರ್‌ಫೀಲ್ಡಿಗೆ ಹೋಗೋ ಮುಂಚೆ ಕೊನೇ ಸಲ ಯಾವಾಗ ತಿಂದ್ಲು?"

"ಹೋಗೋ ಮುಂಚೆ ಅಲ್ಲ. ಹೋಗಿ ಮೂರ್ನಾಲ್ಕು ದಿನ ಆದ್ಮೇಲೆ ಇವನು ಕೊಡಬೇಕು ಅಂತ ನಮ್ಮ ಮಾತು," ಎಂದಳು ಲೋರ್ನಾ.

"ಮಾತು ಏನು ಅಂತ ಕೇಳ್ಲಿಲ್ಲಮ್ಮ. ತಿಂದಿದ್ದು ಯಾವಾಗ?"

ಲೋರ್ನಾ ಗೋಡೆಯ ಮೇಲಿನ ಓತಿಯ ಚಿತ್ರವನ್ನು ನೋಡಿದಳು. "ಹೊರಡೋ ದಿನ ಬೆಳಗ್ಗೆ. ನಾನೇ ಒಂದು ಇಲಿ ಕೊಟ್ಟೆ."

"ಹೊಟ್ಟೆ ತುಂಬಿದ ಹಾವನ್ನ ಎತ್ತಿ, ಚೀಲಕ್ಕೆ ಹಾಕಿ, ಕಾರಲ್ಲಿ ಕುಲುಕಿಸಿಕೊಂಡು ಹೋದ್ರಿ. ಎಷ್ಟು ಸಲ?"

"ಪ್ರತೀ ಸಲ."

"ತಿಂದ ಹಾವನ್ನ ಎರಡು ದಿನ ಮುಟ್ಟಬಾರದು ಅಂತ ಶಾಲೆ ಮಕ್ಕಳಿಗೂ ಗೊತ್ತು. ವಾಂತಿ ಆಗ್ಲಿಲ್ವಾ?"

"ಇಲ್ಲಪ್ಪ," ಎಂದಳು ಲೋರ್ನಾ.

"ಆಯ್ತು," ಎಂದ ಕ್ರೇಗ್.

ಲೋರ್ನಾ ಅವನತ್ತ ತಿರುಗಿದಳು.

"ಪ್ರತೀ ಸಲವೂ ಆಗ್ತಿತ್ತು. ಮಾರನೇ ದಿನ ಬೆಳಗ್ಗೆ ನೋಡಿದ್ರೆ ಇಡೀ ಇಲಿ ಹೊರಗೆ. ಒರೆಸಿ ಕ್ಲೀನ್ ಮಾಡ್ತಿದ್ದೆ. ಹೊಟ್ಟೆ ಖಾಲಿ ಆಯ್ತಲ್ಲ ಅಂತ ಬುಧವಾರ ಇನ್ನೊಂದು ಕೊಡ್ತಿದ್ದೆ. ಅದೂ ನಿಲ್ತಿರಲಿಲ್ಲ."

"ವಾಂತಿ ಆದ್ಮೇಲೆ ಹದಿನೈದು ದಿನ ಏನೂ ಕೊಡಬಾರದಪ್ಪಾ. ಒಳಗೆಲ್ಲ ಹುಣ್ಣಾಗಿರುತ್ತೆ," ಎಂದು ಡಾಕ್ಟರ್ ಕಣ್ಣು ಮುಚ್ಚಿಕೊಂಡರು.

ಲೋರ್ನಾ ಅವರ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ನಾನು ಇಲಿ ಕೊಟ್ಟು ಕಳಿಸ್ತಿದ್ದೆ ಅಂತ ನಿನಗೆ ಮೊದಲಿಂದ್ಲೂ ಗೊತ್ತಿತ್ತು. ಇಷ್ಟು ದಿನ ನನ್ನ ಕೈಲಿ ಬೈಸ್ಕೊಂಡು ಸುಮ್ಮನಿದ್ದೆ. ಯಾಕೆ ಹೇಳ್ಲಿಲ್ಲ ಮಹಾನುಭಾವ?"

"ಹೇಳಿದ್ರೆ ಇವಳನ್ನ ಇನ್ಮೇಲೆ ಕಳಿಸಲ್ಲ ಅಂತಿದ್ದೆ ನೀನು. ಆಮೇಲೆ ಶನಿವಾರ ನಿನ್ನ ಎಲ್ಲಿ ನೋಡ್ಲಿ?"

ಅವನ ಕಿವಿಗಳು ಕೆಂಪಾಗಿದ್ದವು. ಲೋರ್ನಾಗೆ ತನ್ನ ಕೋಪ ಹಿಡಿತಕ್ಕೆ ಸಿಗದೆ ಜಾರುತ್ತಿರುವುದು ಗೊತ್ತಾಯಿತು.

"ನೀನ್ಯಾಕೆ ಕೊಡ್ತಿದ್ದೆ? ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಅವನು ಕೇಳಿದ.

"ಅದಲ್ಲ. ಹೊಸ ಮನೇಲಿ ಅವಳು ತಿನ್ನದೆ ಹಟ ಮಾಡಿದ್ರೆ, 'ನೀನೇ ಇಟ್ಕೋ' ಅಂತ ನೀನು ಕೈತೊಳ್ಕೊಂಡು ಬಿಡ್ತೀಯ ಅಂತ ಭಯ ಆಯ್ತು. ಹೊಟ್ಟೆ ತುಂಬಿಸಿ ಕಳಿಸಿದ್ರೆ ನಿನಗೆ ತಲೆನೋವಿರಲ್ಲ. ಮತ್ತೆ ಕಾರ್ ಪಾರ್ಕಿಗೆ ಬರ್ತೀಯ."

ಡಾಕ್ಟರ್ ಓಗ್ಡನ್ ಕೈಗವಸು ಕಳಚಿ ಬುಟ್ಟಿಗೆ ಎಸೆದರು. "ನೀವಿಬ್ರೂ ಒಬ್ಬರನ್ನೊಬ್ಬರು ನೋಡೋದಕ್ಕೆ ಈ ಹಾವು ಯಾಕೆ ಸಾಯಬೇಕು? ಔಷಧಿ ಕೊಡೋಂಥ ಕಾಯಿಲೆ ಇವಳಿಗೇನೂ ಇಲ್ಲ. ಹದಿನೈದು ದಿನ ಬರೀ ನೀರು. ಆಮೇಲೆ ಒಂದು ಚಿಕ್ಕ ಇಲಿಮರಿ. ಇವತ್ತು ಯಾವ ಮನೆಗೆ ಹೋಗ್ತಾಳೋ ಅಲ್ಲೇ ಇರಬೇಕು. ಇನ್ನು ಓಡಾಟ ಇಲ್ಲ. ಯಾರ ಮನೆ ಅಂತ ಹೊರಗೆ ಹೋಗಿ ಜಗಳ ಆಡಿ, ನನಗೆ ಆಮೆ ಕಾಯ್ತಿದೆ."

ಹೊರಗೆ ಮಳೆ ಜೋರಾಗಿತ್ತು. ಜಗಳವೇ ಆಗಲಿಲ್ಲ. ಕ್ರೇಗ್ ಡೋರೀನ್‌ಳ ದಿಂಬಿನ ಕವರನ್ನು ಪೆಟ್ಟಿಗೆಯಲ್ಲಿರಿಸಿ, ಅದನ್ನು ಲೋರ್ನಾಳ ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಬೆಲ್ಟ್ ಹಾಕಿ, ಎರಡು ಸಲ ಎಳೆದು ನೋಡಿದ.

"ನಿನ್ನ ಮನೇಲೇ ಇರ್ಲಿ. ಅಲ್ಲಿ ಬೆಚ್ಚಗಿದೆ," ಎಂದ.

"ಅಷ್ಟೇನಾ?"

"ನಿನ್ನಿ..."

"'ನಿನ್ನಿಷ್ಟ' ಅಂದ್ರೆ ನೋಡು, ಈ ಹಾವನ್ನೇ ನಿನ್ನ ಕೊರಳಿಗೆ ಸುತ್ತಿಬಿಡ್ತೀನಿ. ನನ್ನಿಷ್ಟ ಏನು ಅಂತ ಒಳಗೆ ಡಾಕ್ಟರ ಮುಂದೆ ಮಾನ ಬಿಟ್ಟು ಹೇಳಿದೀನಿ. ನಿನ್ನಿಷ್ಟ ಹೇಳು. ಹುಟ್ಟಿದಾಗಿನಿಂದ ಒಂದು ಸಲನಾದ್ರೂ ಏನಾದ್ರೂ ಬೇಕು ಅಂತ ಕೇಳಿದೀಯಾ?"

ಅವನು ಕಾರಿನ ಬಾಗಿಲು ಹಿಡಿದು ನಿಂತ. ಮಳೆ ಅವನ ಕೊರಳಿನೊಳಗೆ ಇಳಿಯುತ್ತಿತ್ತು. ಬಾಯಿ ತೆರೆದ. ಈ ಸಲ ಮುಚ್ಚಲಿಲ್ಲ.

"ನೀನು ಹೋಗಬಾರದಿತ್ತು. ನಾನು ಕಳಿಸಬಾರದಿತ್ತು. ನನಗೆ ನೀನು ಬೇಕು ಲೋರ್ನಾ. ಶನಿವಾರ ಮಾತ್ರ ಅಲ್ಲ."

ಇದೊಂದು ಮಾತಿಗಾಗಿ ಒಂದಿಡೀ ಮನೆ ಖಾಲಿಯಾಗಿತ್ತು. ಲೋರ್ನಾಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ರೇಗಿತು. ಅವನ ಹಣೆಯ ಮೇಲಿನ ಒದ್ದೆ ಕೂದಲನ್ನು ಒರಟಾಗಿ ಹಿಂದಕ್ಕೆ ತಳ್ಳಿದಳು. ಕೈ ಅಲ್ಲೇ ಉಳಿಯಿತು.

"ಬಾ, ಕೂತ್ಕೋ."

"ನನ್ನ ಕಾರು?"

"ಬೇಕಾದ್ರೆ ಅದರಲ್ಲೇ ಹೋಗು."

ಕ್ರೇಗ್ ತನ್ನ ಕಾರಿನತ್ತ ತಿರುಗಿಯೂ ನೋಡದೆ ಹಿಂದಿನ ಸೀಟಿನಲ್ಲಿ ತೂರಿ, ಮೊಣಕಾಲು ಮಡಚಿ, ಪೆಟ್ಟಿಗೆಯ ಪಕ್ಕ ಕುಳಿತು ಬಾಗಿಲು ಎಳೆದುಕೊಂಡ.

"ಹೀಟರ್ ಜಾಸ್ತಿ ಮಾಡು. ಚಳಿ ಆಗ್ತಿದೆ," ಎಂದ.

"ಅವಳಿಗಾ?"

"ನನಗೆ."

ಲೋರ್ನಾ ಹೀಟರನ್ನು ಪೂರ್ತಿ ತಿರುಗಿಸಿ, ಹಳ್ಳದಿಣ್ಣೆ ನೋಡಿಕೊಂಡು ನಿಧಾನವಾಗಿ ಕಾರು ಹೊರಡಿಸಿದಳು.