ಮುದ್ದೆಮಾಲು: ಒಂದು ಸ್ಪೂಲ್ ಟೇಪು

ವೀರೇಂದ್ರನ ಮನೆಯಿಂದ ಹಳೆಯ ಸ್ಪೂಲ್ ಟೇಪ್‌ರೆಕಾರ್ಡರ್ ಒಂದು ಕಳುವಾಯಿತು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅವನೇ ಶಿವಮೊಗ್ಗದ ಠಾಣೆಗೆ ಬಂದು ದೂರು ಕೊಟ್ಟ. ಎಫ್‌ಐಆರ್ ದಾಖಲಿಸಿದ ಪಿಎಸ್‌ಐ ಸುಪ್ರಿಯಾ, ಹೆಡ್ ಕಾನ್‌ಸ್ಟೇಬಲ್ ಜನಾರ್ದನನೊಂದಿಗೆ ಸ್ಥಳ ಪಂಚನಾಮೆಗೆ ಹೋದಳು.

ನಡುಮನೆಯ ಗೋಡೆಯುದ್ದಕ್ಕೂ ಜೋಡಿ ಚಕ್ರದ ಯಂತ್ರಗಳು, ದೇವರಮನೆಯ ವಿಗ್ರಹಗಳ ಹಾಗೆ ಒರೆಸಿಸಿಕೊಂಡು ಕೂತಿದ್ದವು.

"ಇದರಲ್ಲಿ ದುಬಾರಿ ಯಾವುದು?"

ವೀರೇಂದ್ರ ನಡುವಿನದನ್ನು ತೋರಿಸಿದ.

"ಹೋಗಿದ್ದು?"

"ಇದ್ದದ್ದರಲ್ಲೇ ಅಗ್ಗದ್ದು ಮೇಡಂ. ನಮ್ಮಪ್ಪ ಪರಮೇಶ್ವರಪ್ಪ ಭದ್ರಾವತಿ ಕಡೆ ಒಂದು ಫೌಂಡ್ರಿಲಿ ಲೇಬರ್ ಆಫೀಸರ್ ಆಗಿದ್ದಾಗಿನದು."

"ಅದರಲ್ಲಿ ಟೇಪ್ ಇತ್ತಾ?"

"ಹಳೇದೊಂದು ಇತ್ತು. ಅಳಿಸಿ ಸಿತಾರ್ ತುಂಬೋಣ ಅಂತಿದ್ದೆ. ಹೊಸ ಟೇಪ್ ಎಲ್ಲಿ ಸಿಗುತ್ತೆ ಈಗ?"

ಸಾಕೆಟ್ಟಿನಿಂದ ಜೋತಾಡುತ್ತಿದ್ದ ವೈರನ್ನು ಜನಾರ್ದನ ಎತ್ತಿ ಹಿಡಿದ. "ಪುಣ್ಯಾತ್ಮ ಇದನ್ನೇ ಬಿಟ್ಟು ಹೋಗಿದಾನೆ ನೋಡಿ. ಮದುವೆಗೆ ಹೋಗ್ತಾ ತಾಳಿ ಮರೆತಂಗೆ."

ಮಾರುವ ಕಳ್ಳನಾದರೆ ದುಬಾರಿಯದನ್ನೇ ಎತ್ತುತ್ತಿದ್ದ. ಇದನ್ನು ಒಯ್ದವರಿಗೆ ಬೇಕಿದ್ದದ್ದು ಟೇಪು, ಬಿಚ್ಚಲು ಬಾರದೆ ಯಂತ್ರವನ್ನೇ ಹೊತ್ತಿದ್ದಾರೆ ಎಂದುಕೊಂಡಳು ಸುಪ್ರಿಯಾ. ಹಾಗಿದ್ದರೆ ಅವರೀಗ ವೈರು ಹುಡುಕುತ್ತಿರಬೇಕು.

"ನಿನ್ನೆ ಯಾರು ಬಂದಿದ್ರು?"

"ಗೆಳೆಯರು. ಹೋಳಿಗೆ ಊಟ ಇತ್ತು, ಅಡುಗೆಯವರು ಭದ್ರಾವತಿಯಿಂದ."

"ಆ ಟೇಪ್ ಹಾಕಿದ್ರಾ?"

"ಸ್ವಲ್ಪ ಹೊತ್ತು. ಯಾವಳೋ ಅಳ್ತಾಳೆ ಅದರಲ್ಲಿ. ಆ ಬಿಕ್ಕು ಎಷ್ಟು ಕ್ಲಿಯರ್ ಇದೆ ಕೇಳಿ ಅಂತ ತೋರಿಸಿದೆ. ಹೈಫೈ ಅಂದ್ರೆ ಅದು."

ಸುಪ್ರಿಯಾ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಮತ್ತೆ ಬರೆದಳು.

ಮಧ್ಯಾಹ್ನ ಜೀಪು ಭದ್ರಾವತಿ ರಸ್ತೆಯಲ್ಲಿ ಮಲವಗೊಪ್ಪ ದಾಟಿತು. ಭದ್ರಾವತಿಯಲ್ಲಿ ರೇಡಿಯೋ ರಿಪೇರಿ ಅಂಗಡಿಗಳು ಉಳಿದಿರುವುದೇ ಬೆರಳೆಣಿಕೆಯಷ್ಟು. ಕೊನೆಯದರಲ್ಲಿ ಉತ್ತರ ಸಿಕ್ಕಿತು: ಹೋಳಿಗೆ ಮಾಡುವ ಸುವರ್ಣಮ್ಮ ಬೆಳಿಗ್ಗೆ ಬಂದು ಹಳೇ ಕಾಲದ ವೈರು ಒಯ್ದಿದ್ದಳು.

ನ್ಯೂ ಟೌನಿನ ಮನೆಯಲ್ಲಿ ಸುವರ್ಣಮ್ಮ ಬಾಗಿಲು ತೆಗೆದಿಟ್ಟೇ ಕೂತಿದ್ದಳು. ಸೀರೆ ಸುತ್ತಿದ ಯಂತ್ರ ಇನ್ನೂ ಹೋಳಿಗೆಯ ಕೊಪ್ಪರಿಗೆಯೊಳಗೇ ಇತ್ತು.

"ಇದರಲ್ಲೇ ತಂದ್ರಾ ಅಮ್ಮ?"

"ಹೂಂ. ಅವರೆಲ್ಲ ಎಲೆಅಡಿಕೆಗೆ ಅಂಗಳಕ್ಕೆ ಹೋಗಿದ್ರು. ಹೋಳಿಗೆ ಖಾಲಿಯಾಗಿತ್ತಲ್ಲ, ಜಾಗ ಇತ್ತು."

"ವೈರ್ ತಂದೂ ಹಾಕೇ ಇಲ್ವಾ?"

"ಯಾವ ಗುಂಡಿ ಒತ್ತಿದ್ರೆ ಅಳಿಸಿ ಹೋಗುತ್ತೋ ಅಂತ ಹೆದರಿಕೆ."

"ಅದರಲ್ಲಿ ಅಳೋದು ಯಾರು?"

"ನಮ್ಮವ್ವ ಕಾಳಮ್ಮ. ನಿನ್ನೆ ಹಾಕಿದಾಗ ಒಳಗಿಂದಲೇ ದನಿ ಗುರುತು ಸಿಕ್ತು, ಅಳಿಸ್ತೀನಿ ಅಂದಿದ್ದೂ ಕೇಳಿಸ್ತು. ಫೌಂಡ್ರಿಲಿ ಕ್ರೇನ್ ಸರಪಳಿ ಹರಿದು ಅಪ್ಪ ಸತ್ತ. ಸರಪಳಿ ಸವೆದಿತ್ತು, ಅಪ್ಪ ಮೊದಲೇ ಹೇಳಿದ್ದ ಅಂತ ಅವ್ವ ಎನ್‌ಕ್ವೈರಿಲಿ ಹೇಳಿದ್ಲು. ಆ ಲೇಬರ್ ಆಫೀಸರ್ರು ಟೇಪಲ್ಲಿ ಹಿಡ್ಕೊಂಡು, ಕಾಗದದಲ್ಲಿ ಮಾತ್ರ ಕುಡಿದು ಬಿದ್ದ ಅಂತ ಬರೆದ್ರು. ಅವ್ವ ಸಾಯೋ ತನಕ ಕುಡುಕನ ಹೆಂಡ್ತಿ ಅನ್ನಿಸ್ಕೊಂಡ್ಲು."

ಪಂಚರ ಮುಂದೆ ಯಂತ್ರ, ಟೇಪು ಜಪ್ತಿಯಾದವು. ಸುವರ್ಣಮ್ಮನ ಬಂಧನವಾಯಿತು.

ವಿಷಯ ತಿಳಿದ ವೀರೇಂದ್ರ ಠಾಣೆಯಲ್ಲಿ ಕಾಯುತ್ತಿದ್ದ. "ಪಾಪದ ಹೆಂಗಸು. ತಪ್ಪಾಯ್ತು, ಟೇಪ್ ವಾಪಸ್ ಕೊಡೋಕೆ ಒಪ್ಪಿದೀನಿ ಅಂತ ಬರೆದುಕೊಡ್ಲಿ, ನಾನು ರಾಜಿ ಆಗ್ತೀನಿ. ಅದನ್ನ ಅಳಿಸಿ ಮುಗಿಸ್ತೀನಿ. ಸತ್ತೋರ ಹೆಸರು ಬೀದಿಗೆ ಯಾಕೆ?"

ಜನಾರ್ದನ ಕಾಗದ ಮುಂದಿಟ್ಟ. "ಸೈನ್ ಹಾಕು ಮಾರಾಯ್ತಿ. ನಾಳೆಯೇ ಮನೆ ಸೇರ್ತೀಯ."

ಸುವರ್ಣಮ್ಮ ಸುಪ್ರಿಯಾಳ ಕಡೆ ತಿರುಗಿದಳು. "ಕೇಸ್ ನಡೆದ್ರೆ ಟೇಪ್ ಎಲ್ಲಿರುತ್ತೆ?"

"ಮುದ್ದೆಮಾಲು ಅದು, ಕೇಸಿನ ಸಾಕ್ಷಿ ವಸ್ತು. ಸೀಲ್ ಮಾಡಿ ಕೋರ್ಟಿಗೆ ಕೊಡ್ತೀವಿ. ಕೇಸ್ ಮುಗಿಯೋ ತನಕ ಯಾರೂ ಅಳಿಸೋ ಹಾಗಿಲ್ಲ."

"ಕೋರ್ಟಲ್ಲಿ ಅದನ್ನ ಹಾಕಿ ಕೇಳ್ತಾರಾ?"

"ಹಾಕಿಸಿ ಅಂತ ನಿಮ್ಮ ವಕೀಲರು ಕೇಳ್ಕೋಬಹುದು."

"ಕುಡುಕನ ಹೆಂಡ್ತಿ ಅಂದೋರೂ ಬಂದು ಕೂತ್ಕೋಬಹುದಾ?"

"ಬಾಗಿಲು ತೆರೆದೇ ಇರುತ್ತೆ."

ಸುವರ್ಣಮ್ಮ ಕಾಗದವನ್ನು ಒಂದೇ ಬೆರಳಲ್ಲಿ ಜನಾರ್ದನನ ಕಡೆ ಸರಿಸಿದಳು.

"ಸೈನ್ ಹಾಕಲ್ಲ. ಕೇಸ್ ನಡೀಲಿ."