ಮೂಕಗಂಟೆಯ ಮಠ

ಬಹಳ ಬಹಳ ಹಿಂದೆ, ಆರ್ಮೇನಿಯ ಎಂಬ ಬೆಟ್ಟಗಳ ಸೀಮೆಯಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ಆಳವಾದ ಕಣಿವೆಯೊಂದರ ಅಂಚಿನಲ್ಲಿ ಕೆಂಪು ಕಲ್ಲಿನ ಮಠವೊಂದಿತ್ತು. ಅಲ್ಲಿನ ಸನ್ಯಾಸಿಗಳು ದಿನಾ ಬೆಳಗ್ಗೆ ಗಂಟೆ ಬಾರಿಸಿ, ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಿದ್ದರು. ಆ ಹೆಸರುಗಳು ಅರಮನೆಯವರೆಗೂ ಕೇಳುತ್ತಿದ್ದವು. ಯುದ್ಧ ಹೂಡಿದವನು ರಾಜ ಸಾಹಕ್. ಅವನಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೆ ಅವನು ಸೆವ್ರಾಕ್ ಎಂಬ ಮಾಟಗಾರನನ್ನು ಕರೆಸಿ, "ಆ ಗಂಟೆಯ ಬಾಯಿ ಮುಚ್ಚಿಸು" ಎಂದ.

ಸೆವ್ರಾಕ್ ಮಠದ ಮುಂದೆ ನಿಂತು ಒಂದು ಸಲ ಊದಿದ. ಗೋಪುರ ಕುಸಿಯಿತು. ಗಂಟೆ ಮೂಕವಾಯಿತು. ಸನ್ಯಾಸಿಗಳು ನಿಂತಲ್ಲೇ ಶಿಲುಬೆ ಕೆತ್ತಿದ ಕಲ್ಲುಗಳಾದರು. ಅಂದಿನಿಂದ ರಾಜ್ಯದಲ್ಲಿ ಯಾರ ಕಣ್ಣಲ್ಲೂ ನೀರು ಬರಲಿಲ್ಲ. ಜನರ ಕಣ್ಣೀರನ್ನೆಲ್ಲ ಸೆವ್ರಾಕ್ ಪಾಳುಮಠದಲ್ಲಿ ಕೂತು ಕುಡಿಯುತ್ತಿದ್ದ. ಅಳಲಾಗದವರ ದುಃಖ ಎದೆಯಲ್ಲೇ ಹೆಪ್ಪುಗಟ್ಟಿತು.

ಬೆಟ್ಟದ ಕೆಳಗಿನ ಹಳ್ಳಿಯಲ್ಲಿ ಶೂಶನ್ ಎಂಬ ಕುರಿಗಾಹಿ ಹುಡುಗಿಯಿದ್ದಳು. ಅವಳ ಅಣ್ಣ ವಹಾನ್ ಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ಬಂದದ್ದು ಅವನ ಉಣ್ಣೆಯ ಟೋಪಿ ಮಾತ್ರ. ತಾಯಿ ಅಳಲಿಲ್ಲ, ಮಾತಾಡಲಿಲ್ಲ. ಒಂದು ದಿನ ಶೂಶನ್ ಅವಳ ಕೈ ಹಿಡಿದರೆ ಬೆರಳುಗಳು ತಣ್ಣಗೆ, ಗಟ್ಟಿಯಾಗಿ, ಕಲ್ಲಾಗತೊಡಗಿದ್ದವು.

"ಅಮ್ಮ, ನಿನ್ನ ಕಣ್ಣೀರು ತರ್ತೀನಿ" ಎಂದು ಹೇಳಿ, ಅಣ್ಣನ ಟೋಪಿಯನ್ನು ಎದೆಗವಚಿಕೊಂಡು ಶೂಶನ್ ಬೆಟ್ಟ ಹತ್ತಿದಳು.

ಮಠದ ಬಾಗಿಲಲ್ಲಿ ಒಂದು ಸಿಂಹ ಮಲಗಿತ್ತು. ಅದು ಒಂದು ಕಾಲಕ್ಕೆ ಬಾಗಿಲ ಮೇಲಿನ ಕೆತ್ತನೆಯಾಗಿತ್ತು. ಮಾಟಗಾರ ಅದಕ್ಕೆ ಜೀವ ಕೊಟ್ಟು ಕಾವಲಿಗೆ ಇಟ್ಟಿದ್ದ.

"ಯಾರಿಗಾಗಿ ಬಂದೆ? ಸುಳ್ಳು ಹೇಳಿದರೆ ತಿಂದುಬಿಡ್ತೀನಿ" ಎಂದಿತು ಸಿಂಹ.

"ಅಮ್ಮನಿಗಾಗಿ" ಎಂದಳು ಶೂಶನ್. ಸಿಂಹ ಕಣ್ಣು ಕಿರಿದು ಮಾಡಿತು. ಅವಳು ತಲೆ ತಗ್ಗಿಸಿ ಮತ್ತೆ ಹೇಳಿದಳು: "ನನಗಾಗಿಯೂ ಬಂದೆ. ಆ ಮನೆಯಲ್ಲಿ ಒಬ್ಬಳೇ ಇರೋಕೆ ನನಗೆ ಭಯ."

ಸಿಂಹ ಪಕ್ಕಕ್ಕೆ ಸರಿಯಿತು.

ಒಳಗೆ ಕಂಬಗಳು ಮುರಿದು ಬಿದ್ದಿದ್ದವು. ಗೋಡೆಯ ಮೇಲಿನ ದ್ರಾಕ್ಷಿ ಬಳ್ಳಿ, ದಾಳಿಂಬೆಗಳ ಕೆತ್ತನೆಯನ್ನು ಪಾಚಿ ಮುಚ್ಚಿತ್ತು. ಛಾವಣಿಯ ಬಿರುಕಿನಲ್ಲಿ ಹುಲ್ಲು ಬೆಳೆದಿತ್ತು. ಗರ್ಭಗುಡಿಗೆ ಹೋಗುವ ದಾರಿ ಕುಸಿದು ನಡುವೆ ಕಂದಕವಾಗಿತ್ತು. ಕಂದಕದ ಅಂಚಿನಲ್ಲಿ, ಸಿಂಹದಂತೆಯೇ ಗೋಡೆಯ ಕೆತ್ತನೆಯಿಂದ ಜೀವ ತಳೆದ, ಕಲ್ಲಿನ ರೆಕ್ಕೆಯ ಹದ್ದೊಂದು ಕೂತಿತ್ತು.

"ನಿನ್ನನ್ನು ದಾಟಿಸ್ತೀನಿ, ಆದರೆ ಆ ಟೋಪಿ ನನ್ನ ಗೂಡಿಗೆ ಬೇಕು" ಎಂದಿತು ಹದ್ದು.

"ಇದೊಂದೇ ಉಳಿದಿರೋದು. ಇದರಲ್ಲಿ ಅವನ ತಲೆಯ ವಾಸನೆ ಇದೆ" ಎಂದಳು ಶೂಶನ್.

"ಹಾಗಾದರೆ ಮನೆಗೆ ಹೋಗು."

ಶೂಶನ್ ಟೋಪಿಯನ್ನು ಮುಖಕ್ಕೊತ್ತಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಕೊಟ್ಟಳು. ಹದ್ದು ಅವಳನ್ನು ಆಚೆ ಬದಿಗೆ ಇಳಿಸಿತು.

ಗರ್ಭಗುಡಿಯಲ್ಲಿ ಶಿಲುಬೆಗಲ್ಲುಗಳು ಸಾಲಾಗಿ ನಿಂತಿದ್ದವು. ನಡುವೆ ಸೆವ್ರಾಕ್ ಬೆಳ್ಳಿಯ ಬಟ್ಟಲು ಹಿಡಿದು ಕೂತಿದ್ದ.

"ಕಣ್ಣೀರು ಯಾಕೆ ಮಗಳೇ? ಅದಕ್ಕಿಂತ ಒಳ್ಳೆಯದನ್ನು ಕೊಡ್ತೀನಿ" ಎಂದು ಅವನು ಒಂದು ಕಂಬದತ್ತ ಬೆರಳು ತೋರಿಸಿದ.

ಕಂಬದ ಮರೆಯಿಂದ ವಹಾನ್ ಬಂದ. ಅದೇ ನಡಿಗೆ, ಅದೇ ನಗು. "ಶೂಶನ್, ಮನೆಗೆ ಹೋಗೋಣ ಬಾ" ಎಂದ.

ಶೂಶನ್‌ಳ ಕಾಲು ತಾನಾಗಿಯೇ ಮುಂದಕ್ಕೆ ಹೋಯಿತು. ಅವಳು ಅವನ ಕೈ ಮುಟ್ಟಿದಳು. ಅದು ಬಿಸಿಯೂ ಇರಲಿಲ್ಲ, ತಣ್ಣಗೂ ಇರಲಿಲ್ಲ.

"ಇವನು ನನ್ನಣ್ಣ ಅಲ್ಲ" ಎಂದಳು.

"ಅಲ್ಲ, ನಿಜ. ಆದರೆ ನಿಮ್ಮಮ್ಮನಿಗೆ ಗೊತ್ತಾಗಲ್ಲ. ಅವಳು ನಗ್ತಾಳೆ, ಬದುಕ್ತಾಳೆ. ಕರ್ಕೊಂಡು ಹೋಗು."

"ಬೇರೆಯವರ ಅಮ್ಮಂದಿರು?"

ಸೆವ್ರಾಕ್ ಬಟ್ಟಲಿನಿಂದ ಒಂದು ಗುಟುಕು ಕುಡಿದ.

ಶೂಶನ್ ಕೈ ಬಿಟ್ಟಳು. ಇಷ್ಟು ದಿನ ಮನೆಯಲ್ಲಿ ಯಾರೂ ಆಡದ ಮಾತೊಂದನ್ನು ಅವಳು ಹೇಳಹೊರಟಳು. ಮೊದಲ ಸಲ ತುಟಿ ಅಲುಗಿತು, ದನಿ ಬರಲಿಲ್ಲ. ಎರಡನೆಯ ಸಲ ದನಿ ಬಂತು, ಮಾತು ಮುರಿಯಿತು. ಮೂರನೆಯ ಸಲ ಅವಳು ಗಟ್ಟಿಯಾಗಿ ಹೇಳಿದಳು:

"ನನ್ನಣ್ಣ ವಹಾನ್ ಸತ್ತ. ಅವನು ಇನ್ನು ಬರೋದಿಲ್ಲ."

ಅಷ್ಟು ಹೇಳಿದ್ದೇ ತಡ, ಅವಳ ಕಣ್ಣು ತುಂಬಿ ಬಂತು. ಕಣ್ಣೀರಿನ ಹನಿಯೊಂದು ಹತ್ತಿರದ ಶಿಲುಬೆಗಲ್ಲಿನ ಮೇಲೆ ಬಿತ್ತು. ಕಲ್ಲು ನಿಟ್ಟುಸಿರು ಬಿಟ್ಟಿತು. ಅದಿದ್ದ ಜಾಗದಲ್ಲಿ ಮಠದ ಮುದಿ ಗುರು ನಿಂತಿದ್ದ. ಅವನು "ವಹಾನ್" ಎಂದು ಮೆಲ್ಲಗೆ ಹೆಸರು ಹೇಳಿದ. ಇನ್ನೊಂದು ಕಲ್ಲು "ವಹಾನ್" ಎಂದಿತು, ಮತ್ತೊಂದು "ವಹಾನ್" ಎಂದಿತು. ಕಲ್ಲುಗಳೆಲ್ಲ ಮನುಷ್ಯರಾದವು.

ಸೆವ್ರಾಕ್‌ನ ಕೈಯಲ್ಲಿದ್ದ ಬಟ್ಟಲು ಬಿರಿಯಿತು. ಕುಡಿದ ಕಣ್ಣೀರೆಲ್ಲ ಅವನಿಂದ ಹೊಳೆಯಾಗಿ ಹರಿದುಹೋಯಿತು. ಉಳಿದದ್ದು ಒಂದು ಹಿಡಿ ಉಪ್ಪು. ಗಾಳಿ ಅದನ್ನೂ ಒಯ್ದಿತು. ವಹಾನನ ರೂಪವೂ ಮಂಜಿನಂತೆ ಕರಗಿತು. ಸಿಂಹವೂ ಹದ್ದೂ ಗೋಡೆಗೆ ಮರಳಿದವು.

ಸನ್ಯಾಸಿಗಳು ಕುಸಿದ ಗೋಪುರದಡಿಯಿಂದ ಗಂಟೆಯನ್ನೆತ್ತಿ ಬಾರಿಸಿದರು.

ಸದ್ದು ಕೇಳಿ ರಾಜ ಸಾಹಕ್ ಬರಿಗಾಲಲ್ಲಿ ಬೆಟ್ಟ ಹತ್ತಿ ಬಂದ. ಬಾಗಿಲಲ್ಲಿ ನಿಂತು, "ಗುರುವೇ, ಇವತ್ತು ಹೆಸರುಗಳನ್ನು ನಾನು ಕೂಗಲೇ?" ಎಂದು ಕೇಳಿದ.

"ಕೂಗು. ಒಂದನ್ನೂ ಬಿಡಬೇಡ" ಎಂದ ಗುರು.

ರಾಜ ಕೂಗಿದ. ಸಂಜೆಯವರೆಗೂ ಕೂಗಿದ, ಅಳುತ್ತ ಕೂಗಿದ. ಅವನು ಮತ್ತೆಂದೂ ಯುದ್ಧಕ್ಕೆ ಹೋಗಲಿಲ್ಲ. ಮಠದ ಗೋಡೆಗಳನ್ನು ಕಟ್ಟುವಾಗ ತಾನೇ ಕಲ್ಲು ಹೊತ್ತ.

ಶೂಶನ್ ಮನೆ ತಲುಪಿದಾಗ ತಾಯಿ ಹೊಸ್ತಿಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಶೂಶನ್ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಮನಸಾರೆ ಅತ್ತರು. ಆಮೇಲೆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಬೆಚ್ಚಗಿನ ಕೈಯಿಂದ ಮಗಳ ಕೆನ್ನೆ ಮುಟ್ಟಿ, "ಹಸಿದಿದ್ದೀಯಲ್ಲೇ" ಎಂದಳು. ಎದ್ದು ಹೋಗಿ ಒಲೆ ಹೊತ್ತಿಸಿದಳು.

ಆ ಸೀಮೆಯ ಜನ ಅಳು ಬಂದಾಗ ಅತ್ತು, ನಗು ಬಂದಾಗ ನಕ್ಕು, ಬಹುಕಾಲ ನೆಮ್ಮದಿಯಿಂದ ಬಾಳಿದರು.