ತಮಿಳಿನಲ್ಲಿ ಬರೆದ ‘ನಾಳೆ ಬಾ’

ನಾನು ಹೆದರುವವನಲ್ಲ. ನಮ್ಮ ಮಂಡ್ಯದ ಕಡೆ ನನ್ನನ್ನು ಕಂಡರೆ ದೆವ್ವಗಳೇ ದಾರಿ ಬಿಡುತ್ತಿದ್ದವು. ಆದರೆ ಈ ತಮಿಳು ಸೀಮೆಯ ಪೆರುಂಗುಡಿಯಲ್ಲಿ ನಮ್ಮ ಮನೆಯ ಬ್ರಾಡ್‌ಬ್ಯಾಂಡ್ ಬೇರೆಯೇ ಜಾತಿ. ಸಂಜೆ ಊರೆಲ್ಲ ಮನೆ ಸೇರಿ ಮೊಬೈಲ್ ಹಿಡಿಯುವ ಹೊತ್ತಿಗೆ ಕಂಪನಿಯವರು ವೇಗ ಇಳಿಸುತ್ತಾರೆ. ಬಸವನಹುಳುವೂ ಅದನ್ನು ಹಿಂದೆ ಹಾಕಿ ಮಹಾಬಲಿಪುರ ಮುಟ್ಟೀತು.

ಅಂಥದೊಂದು ಸಂಜೆ, ಮಗಳು ಮೌನಳ ಜೊತೆ ಮೈಸೂರಿನ ತವರಿಗೆ ಹೋಗಿದ್ದ ಹೆಂಡತಿ ರಚನಾ ವಿಡಿಯೊ ಕಾಲ್ ಮಾಡಿದಳು.

“ರೀ, ಬಾಯಿ ತೆಕ್ಕೊಂಡು ನಿಂತೇಬಿಟ್ರಲ್ಲ! ಫ್ಯಾನೂ ನಿಂತಿದೆ. ಹಿಂದೆ ತಲೆ ಬಾಚ್ಕೋತಿರೋ ಹುಡುಗಿ ಯಾರು?”

ತಿರುಗಿದೆ. ಯಾರೂ ಇರಲಿಲ್ಲ. ಆ ಸೆಕೆಯಲ್ಲೂ ಕತ್ತಿನ ಹಿಂದೆ ಮಾತ್ರ ತಣ್ಣಗಿತ್ತು. ಒದ್ದೆ ಕೂದಲಿನ ವಾಸನೆ.

“ಬಾಗಿಲಿಗೆ ‘ನಾಳೆ ಬಾ’ ಅಂತ ಬರೀರಿ,” ಎಂದಳು.

“ಇಲ್ಲಿನ ದೆವ್ವಕ್ಕೆ ಕನ್ನಡ ಎಲ್ಲಿ ಬರುತ್ತೆ ಮಾರಾಯ್ತಿ?” ಎಂದು ನಕ್ಕು, ಬಾಗಿಲ ಹೊರಗೆ ತಮಿಳಿನಲ್ಲಿ ಆಳೆತ್ತರಕ್ಕೆ ಬರೆದೆ.

ಭಾನುವಾರ ಸಂಜೆ ಬೆಲ್ ಆಯಿತು. ರಚನಾ ಒಬ್ಬಳೇ ನಿಂತಿದ್ದಳು.

“ಮೌನ ಎಲ್ರೀ? ನನಗಿಂತ ಮೊದ್ಲೇ ಲಿಫ್ಟ್ ಹತ್ತಿದ್ಲಲ್ಲ!”

ಆ ರಾತ್ರಿ ಪೆರುಂಗುಡಿಯ ಒಂದು ಚರಂಡಿಯನ್ನೂ ಬಿಡದೆ ಹುಡುಕಿದೆವು. ಮರುದಿನ ನೆಟ್ ನಿಧಾನವಾಗುವ ಹೊತ್ತಿಗೆ ಅವಳೇ ಬಂದಳು. ಕೂದಲು ಒದ್ದೆಯಾಗಿತ್ತು.

“ಎಲ್ಲಿಗೆ ಹೋಗಿದ್ದೆ ಪುಟ್ಟೀ?”

ಇಲ್ಲಿನ ಶಾಲೆಯಲ್ಲಿ ಓದುವ ಮಗಳು ತಮಿಳಿನಲ್ಲೇ ಉತ್ತರಿಸಿದಳು: “ನಾಳೈಕ್ಕು ವಾನ್ನು ನೀಂಗದಾನೇ ಎಳುದಿನೀಂಗ?”

ನಿಜ, ‘ನಾಳೆ ಬಾ’ ಅಂತ ಬರೆದವನು ನಾನೇ.

ಈಗಲೂ ಸಂಜೆ ಮೈಸೂರಿನ ಅತ್ತೆಗೆ ವಿಡಿಯೊ ಕಾಲ್ ಮಾಡಿದರೆ ಅವರ ಪರದೆಯ ಮೇಲೆ ನಾನು, ರಚನಾ, ಫ್ಯಾನು ಎಲ್ಲ ನಿಂತುಹೋಗುತ್ತೇವಂತೆ. ಮೌನ ಮಾತ್ರ ತಲೆ ಬಾಚಿಕೊಳ್ಳುತ್ತಲೇ ಇರುತ್ತಾಳಂತೆ.